ಕತ್ತಲಲ್ಲೂ ಎಣಿಸಬಲ್ಲ ಮಣಿ

ನಾವಿರುವ ವಿನೋಬನಗರಕ್ಕೆ ಯಾರ ಹೆಸರಿದೆಯೋ ಆ ಗಾಂಧಿ ಶಿಷ್ಯ ವಿನೋಬಾ ಭಾವೆಯವರು 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಮೊದಲ ಭೂದಾನ ಪಡೆದರು. ಅದೇ ವರ್ಷದ ಕೊನೆಗೆ ಗಾಂಧಿಯವರ ಇನ್ನೊಬ್ಬ ಶಿಷ್ಯೆ, ದೇಶದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಸಂತಾನ ನಿಯಂತ್ರಣದ ಪ್ರಯೋಗವೊಂದಕ್ಕೆ ನ್ಯೂಯಾರ್ಕಿನ ವೈದ್ಯರೊಬ್ಬರನ್ನು ಕರೆಸಿಕೊಂಡರು. ಅವರ ಹೆಸರು ಅಬ್ರಹಾಂ ಸ್ಟೋನ್. ಅವರು ಬಂದದ್ದರಿಂದ ಮೈಸೂರು ಸೀಮೆಯ ರಾಮನಗರದ ಹೆಂಗಸರ ಕೈಗೆ ಬಣ್ಣದ ಮಣಿಗಳ ಸರವೊಂದು ಬಂತು. ಜನಸಂಖ್ಯೆಯ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ಎರಡು ಸಾಲಿನಲ್ಲಿ ಹೇಳಿ, ನಕ್ಕು, ಮುಂದೆ ಹೋಗುತ್ತಾರೆ. ನನಗೆ ನಗು ಬರಲಿಲ್ಲ. ಮೈಯ ಲೆಕ್ಕವನ್ನು ಕಾಗದದಿಂದ ಬಿಡಿಸಿ ಕೈಗೆ ಕೊಟ್ಟರೆ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಎರಡನ್ನೂ ನಮ್ಮ ನಾಡಿನಲ್ಲಿ ಕಂಡುಕೊಂಡವರು ಆ ಹೆಂಗಸರು.

ಸ್ಟೋನ್ ಸಾಮಾನ್ಯರಲ್ಲ. ಗರ್ಭನಿರೋಧದ ಚಳವಳಿಗೆ ಜಗತ್ತಿನಾದ್ಯಂತ ಹೆಸರಾದ ಮಾರ್ಗರೆಟ್ ಸ್ಯಾಂಗರ್ ಅವರ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದ್ದವರು. ಹೆಂಡತಿ ಹನ್ನಾ ಸ್ಟೋನ್ ಜೊತೆ ಸೇರಿ ದಾಂಪತ್ಯದ ಬಗ್ಗೆ ಬರೆದ ಪುಸ್ತಕ ಹಲವು ಭಾಷೆಗಳಿಗೆ ಹೋಗಿತ್ತು. ಅವರ ಕೇಂದ್ರದಲ್ಲಿ ಬಳಕೆಯಲ್ಲಿದ್ದದ್ದು ವಪೆ, ಅಂದರೆ ಗರ್ಭದ ಬಾಯಿಗೆ ಹಾಕಿಕೊಳ್ಳುವ ರಬ್ಬರಿನ ಮುಚ್ಚಳ. ಆದರೆ ಮಂತ್ರಿಣಿಯ ಷರತ್ತು ಬಿಗಿಯಾಗಿತ್ತು. ರಬ್ಬರು, ಔಷಧಿ ಯಾವುದೂ ಬೇಡ. ತಿಂಗಳಲ್ಲಿ ಗರ್ಭ ನಿಲ್ಲದ ದಿನಗಳನ್ನು ಗುರುತಿಸಿ, ಉಳಿದ ದಿನ ಗಂಡ-ಹೆಂಡತಿ ದೂರ ಇರುವುದನ್ನು ಮಾತ್ರ ಕಲಿಸಿ ಎಂದರು. ಇದರ ಬೇರು ವಾರ್ಧಾದಲ್ಲಿದೆ. 1935ರ ಡಿಸೆಂಬರ್‌ನಲ್ಲಿ ಸ್ಯಾಂಗರ್ ಅಲ್ಲಿಗೆ ಹೋಗಿ ಗಾಂಧಿಯವರ ಜೊತೆ ವಾದ ಮಾಡಿದಾಗ, ಬೇರೆಲ್ಲ ಉಪಾಯಗಳನ್ನು ತಳ್ಳಿಹಾಕಿದ ಗಾಂಧಿಯವರು ಈ ಒಂದಕ್ಕೆ ಮಾತ್ರ ಅಷ್ಟು ವಿರೋಧ ತೋರಲಿಲ್ಲ. ಇದರಲ್ಲಿ ಒಂದಿಷ್ಟಾದರೂ ಸಂಯಮ ಇದೆ ಎಂಬುದು ಅವರ ಲೆಕ್ಕ. ಮೈಸೂರು ಸಂಸ್ಥಾನವಂತೂ 1930ರಲ್ಲೇ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಇಷ್ಟು ಮುಂದೆ ನಡೆದಿದ್ದ ನೆಲದಲ್ಲಿ 1952ರಲ್ಲಿ ನಡೆದ ಪ್ರಯೋಗ ಒಂದೇ ಒಂದು ಉಪಾಯಕ್ಕೆ ಕಟ್ಟುಬಿದ್ದಿತು. ಮಂತ್ರಿಣಿಯ ಈ ಹಟ ಸರಿಯಾಗಿತ್ತು ಎಂದು ನಾನು ಹೇಳಲಾರೆ.

ಉಪಾಯದ ಹಿಂದಿನ ವಿಜ್ಞಾನ ಆಗ ಇನ್ನೂ ಎಳೆಯದು. ಜಪಾನಿನ ಕ್ಯುಸಾಕು ಒಗಿನೊ, ಆಸ್ಟ್ರಿಯಾದ ಹರ್ಮನ್ ಕ್ನೌಸ್ ಎಂಬ ಇಬ್ಬರು ವೈದ್ಯರು 1920ರ ದಶಕದಲ್ಲಿ ಬೇರೆ ಬೇರೆಯಾಗಿಯೇ ಕಂಡುಹಿಡಿದದ್ದು ಇದು: ಅಂಡ ಬಿಡುಗಡೆಯಾಗುವ ದಿನವನ್ನು ಹಿಂದಿನ ಮುಟ್ಟಿನಿಂದ ಎಣಿಸಬಾರದು, ಮುಂದೆ ಬರಲಿರುವ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಒಗಿನೊ ಲೆಕ್ಕದಲ್ಲಿ ಅದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು. ಮುಂದಿನ ಮುಟ್ಟು ಯಾವಾಗ ಎಂದು ಮೊದಲೇ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಹಲವು ತಿಂಗಳ ದಾಖಲೆ ಇಟ್ಟು ಅತಿ ಚಿಕ್ಕ ಚಕ್ರದಿಂದ 18 ಕಳೆಯಬೇಕು, ಅತಿ ದೊಡ್ಡದರಿಂದ 11. ಒಬ್ಬಾಕೆಯ ಚಕ್ರ 26ರಿಂದ 30 ದಿನದೊಳಗೆ ಓಡಾಡುತ್ತದೆ ಎನ್ನೋಣ. ಆಗ 8ನೆಯ ದಿನದಿಂದ 19ನೆಯ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದೆ ಎಂದು ಹಿಡಿಯಬೇಕು. ಈ 8 ಮತ್ತು 19 ನೆನಪಿರಲಿ, ಮುಂದೆ ಮತ್ತೆ ಬರುತ್ತವೆ.

ಈ ಕೂಡು-ಕಳೆಯನ್ನು ಯಾರಿಗೆ ಕಲಿಸಬೇಕಿತ್ತು? 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ. ಒಂದು ದೆಹಲಿಯ ಲೋಧಿ ಕಾಲೊನಿ, ಸರ್ಕಾರಿ ನೌಕರರ ಮನೆಗಳ ಸಾಲು. ಇನ್ನೊಂದು ರಾಮನಗರ. ಇವತ್ತು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಈ ಊರನ್ನು ಹಳಬರು ಕ್ಲೋಸ್‌ಪೇಟೆ ಎಂದೂ ಕರೆಯುತ್ತಿದ್ದರು. ದೆಹಲಿಯ ಮನೆಗಳಲ್ಲಿ ಗೋಡೆಗೆ ಕ್ಯಾಲೆಂಡರ್ ಇತ್ತು. ರಾಮನಗರದ ಸುತ್ತಿನ ಹಳ್ಳಿಗಳಲ್ಲಿ ದಿನ ತಿಳಿಯುತ್ತಿದ್ದದ್ದು ಅಮಾವಾಸ್ಯೆ, ಹುಣ್ಣಿಮೆ, ಸಂತೆಯಿಂದ.

ಅಲ್ಲಿಯ ಹೆಂಗಸರಿಗೆ ಲೆಕ್ಕವೇ ಗೊತ್ತಿರಲಿಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಹೊರಗೆ ಕೂರುವ ಪದ್ಧತಿ ಇದ್ದ ಮನೆಗಳಲ್ಲಿ ಆ ಮೂರು ದಿನ ಯಾವಾಗ ಬಂತು, ಯಾವಾಗ ಮುಗಿಯಿತು ಎಂಬುದು ಅತ್ತೆಗೆ, ನಾದಿನಿಗೆ, ನೀರು ಸೇದಿಕೊಡುವ ಮಗುವಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದೆ ಹೋಗುತ್ತಿದ್ದದ್ದು ನಡುವಿನ ದಿನಗಳು. ನೆತ್ತರಿಲ್ಲ, ನೋವಿಲ್ಲ, ಗುರುತಿಲ್ಲ. ಆ ದಿನಗಳಿಗೆ ಕಣ್ಣಿಗೆ ಕಾಣುವ ರೂಪ ಕೊಡಲು ಸ್ಟೋನ್ ಕಂಡುಕೊಂಡ ದಾರಿ ಮಣಿಸರ.

ಮೊದಲು ಹಲವು ತಿಂಗಳು ಆಕೆಯ ಮುಟ್ಟಿನ ದಿನ ಬರೆದಿಡುವುದು. ಆಮೇಲೆ ಆಕೆಯ ಚಕ್ರಕ್ಕೆ ತಕ್ಕಂತೆ ಆಕೆಗೇ ಒಂದು ಸರ ಪೋಣಿಸುವುದು. 28 ದಿನದ ಚಕ್ರವಾದರೆ 28 ಮಣಿ. ಮುಟ್ಟಿನ ದಿನಗಳಿಗೆ ಕಿತ್ತಳೆ ಬಣ್ಣ, ಭಯವಿಲ್ಲದ ದಿನಗಳಿಗೆ ಹಸಿರು, ಗರ್ಭ ನಿಲ್ಲಬಹುದಾದ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಸರಿಸಿದರೆ ಸಾಕು. ಒಗಿನೊ ಮಾಡಿದ ಕಳೆಯುವ ಲೆಕ್ಕವೆಲ್ಲ ದಾರದೊಳಗೆ ಅಡಗಿಬಿಟ್ಟಿತು. ಅಂಕಿಯೇ ಬೇಡ. ನನಗೆ ಈ ಕತೆಯಲ್ಲಿ ತುಂಬ ಹಿಡಿಸುವ ಭಾಗ ಇದು, ಏಕೆಂದರೆ ಆ ಸರ ಸರಾಸರಿ ಹೆಣ್ಣಿನದಲ್ಲ. ರಾಮನಗರದ ಒಬ್ಬೊಬ್ಬಳ ಮೈ ನಡೆಯುವ ರೀತಿ ಅವಳವಳ ಸರದಲ್ಲೇ ಇತ್ತು. ಇಬ್ಬರು ಗೆಳತಿಯರು ಸರಗಳನ್ನು ಪಕ್ಕಪಕ್ಕ ಹಿಡಿದಿದ್ದರೆ ತಮ್ಮ ಮೈಗಳ ನಡುವಿನ ವ್ಯತ್ಯಾಸವನ್ನೇ ನೋಡಬಹುದಿತ್ತು.

ಆಮೇಲೆ ಶುರುವಾದವು ದೂರುಗಳು. ಮೊದಲನೆಯದು ಕತ್ತಲಿನದು. ಸರ ನೋಡಬೇಕಾದ ಹೊತ್ತು ರಾತ್ರಿ. ದೀಪ ಆರಿದ ಮೇಲೆ ಕೆಂಪು ಯಾವುದು, ಹಸಿರು ಯಾವುದು? ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಮಣಿ ನೋಡಲೆಂದು ದೀಪ ಹಚ್ಚುವವರು ಯಾರು? ಆಗ ಒಂದು ಬಗೆಯ ಮಣಿಯನ್ನು ಗುಂಡಗೆ, ಇನ್ನೊಂದು ಬಗೆಯದನ್ನು ಚೌಕವಾಗಿ ಮಾಡಿದರು. ಬೆರಳಿಗೆ ಮೂಲೆ ತಾಗಿದರೆ ಆ ದಿನ ದೂರ ಇರಬೇಕು. ಎರಡನೆಯ ದೂರು, ಮಣಿ ಹಿಂದಕ್ಕೂ ಸರಿಯುತ್ತದೆ, ಮಕ್ಕಳು ಆಟಕ್ಕೆ ಎಳೆದು ಲೆಕ್ಕ ಕೆಡಿಸುತ್ತಾರೆ ಎಂಬುದು. ಅದಕ್ಕೆ ಮಣಿ ಒಂದೇ ಕಡೆಗೆ ಸರಿಯುವಂತೆ ಒಂದು ತಡೆ ಹಾಕಿದರು.

ವಿನ್ಯಾಸ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ತಿದ್ದುಪಡಿಗಳನ್ನೇ ತೋರಿಸುತ್ತೇನೆ. ಕಣ್ಣಿನಿಂದ ಓದುವ ಲೆಕ್ಕವನ್ನು ಬೆರಳಿನಿಂದ ಓದುವ ಲೆಕ್ಕ ಮಾಡಿದ್ದು ನ್ಯೂಯಾರ್ಕಿನ ತಜ್ಞರಲ್ಲ. ‘ಕತ್ತಲಲ್ಲಿ ಕಾಣೋದಿಲ್ಲ’ ಎಂದ ಹೆಂಗಸು. ಅವಳ ಹೆಸರು ನಾನು ನೋಡಿದ ಯಾವ ವರದಿಯಲ್ಲೂ ಇಲ್ಲ.

ಮೂರನೆಯ ತೊಂದರೆಯನ್ನು ಯಾವ ತಡೆಯಿಂದಲೂ ಸರಿಪಡಿಸಲು ಆಗಲಿಲ್ಲ. ದಿನಾ ಮಣಿ ಸರಿಸಿದರೆ ಸಾಕು, ಗರ್ಭ ನಿಲ್ಲುವುದಿಲ್ಲ ಎಂದು ಕೆಲವರು ನಂಬಿಕೊಂಡರು. ಚರಿತ್ರೆಕಾರರು ನಗುವುದು ಇಲ್ಲೇ. ನಮ್ಮ ಊರುಗಳನ್ನು ಬಲ್ಲವರಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣಲಾರದು. ನಮ್ಮಲ್ಲಿ ದೊಡ್ಡವರೊಬ್ಬರು ಬಂದು ಕೊರಳಿಗೆ ಕಟ್ಟುವ ವಸ್ತು ತಾನೇ ಕಾಯುತ್ತದೆ. ತಾಯತ ಕಟ್ಟಿಸಿಕೊಂಡವರು ಅದರೊಳಗಿನ ಯಂತ್ರವನ್ನು ಓದಿ ಅರ್ಥಮಾಡಿಕೊಳ್ಳಬೇಕು ಎಂದು ಯಾರೂ ಹೇಳುವುದಿಲ್ಲ. ಈ ಸರವನ್ನೂ ಪ್ರಯೋಗ ನಡೆಸಿದವರು ಪೋಣಿಸಿ, ಅವರೇ ಕೊಟ್ಟರು. ದಾಖಲೆ ಬರೆದದ್ದು, ಕಳೆಯುವ ಲೆಕ್ಕ ಮಾಡಿದ್ದು, ಕೆಂಪೆಷ್ಟು ಹಸಿರೆಷ್ಟು ಎಂದು ನಿರ್ಧರಿಸಿದ್ದು ಎಲ್ಲ ಬೇರೆಯವರ ಕೈ. ಆಕೆಗೆ ಉಳಿದದ್ದು ದಿನಕ್ಕೊಂದು ಸರಿಸುವ ಕೆಲಸ ಮಾತ್ರ. ಅರ್ಥ ಅಡಗಿದ್ದ ಜಾಗಕ್ಕೆ ಆಕೆಯ ಕೈ ಹೋಗಲೇ ಇಲ್ಲ.

ಇನ್ನೊಂದು ಅಡ್ಡಿಯನ್ನೂ ಹೇಳಬೇಕು. ಆ ವಯಸ್ಸಿನ ಹೆಂಗಸರಲ್ಲಿ ಬಹಳ ಮಂದಿ ಬಸುರಿ, ಇಲ್ಲವೇ ಎದೆಹಾಲು ಕೊಡುವ ಬಾಣಂತಿ. ಹಾಲೂಡಿಸುವಾಗ ಚಕ್ರ ಏರುಪೇರು. ಒಗಿನೊ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದು. ಉಳಿದವರಲ್ಲೂ ಚೌಕ ಮಣಿಯ ಮಾತನ್ನು ಗಂಡ ಕೇಳಬೇಕಲ್ಲ. ಕಲಿಯಲು ಆಸೆಪಟ್ಟವರು ರಾಮನಗರದಲ್ಲಿ ಬಹಳ ಮಂದಿ. ಕೊನೆವರೆಗೆ ಪಾಲಿಸಿದವರು ತೀರ ಕಡಿಮೆ. 1954ರ ಹೊತ್ತಿಗೆ ಪ್ರಯೋಗ ಮುಗಿಯಿತು. ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬ ಯೋಜನೆಗೆ ಇಟ್ಟಿದ್ದ 65 ಲಕ್ಷ ರೂಪಾಯಿಯ ಕಾರ್ಯಕ್ರಮ ನಿಧಾನವಾಗಿ ಬೇರೆ ಉಪಾಯಗಳ ಕಡೆಗೆ ಹೊರಳಿತು. ಸ್ಟೋನ್ 1959ರಲ್ಲಿ ತೀರಿಕೊಂಡರು.

ಸುಮಾರು ಅರ್ಧ ಶತಮಾನದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಮಣಿಸರ ಮತ್ತೆ ಬಂತು. ಅಲ್ಲಿಯ ಸಂಶೋಧಕರು ಒಬ್ಬೊಬ್ಬರಿಗೆ ಒಂದೊಂದು ಸರ ಎನ್ನುವುದನ್ನು ಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಬಳಿ ಇದ್ದ ಸಾವಿರಾರು ಋತುಚಕ್ರಗಳ ದಾಖಲೆಯನ್ನು ಕಂಪ್ಯೂಟರಿಗೆ ಕೊಟ್ಟು, 26ರಿಂದ 32 ದಿನದ ಚಕ್ರವಿರುವ ಎಲ್ಲರಿಗೂ ಹೊಂದುವ ಒಂದೇ ನಿಯಮ ಹುಡುಕಿದರು. ಉತ್ತರ ಬಂದದ್ದು 8ನೆಯ ದಿನದಿಂದ 19ನೆಯ ದಿನ! ಅವರ ಸರದಲ್ಲಿ 32 ಮಣಿ. ಒಂದು ಕೆಂಪು, ಆಮೇಲೆ ಆರು ಕಂದು, ಹನ್ನೆರಡು ಬಿಳಿ, ಮತ್ತೆ ಹದಿಮೂರು ಕಂದು. ದಿನ ತಿಳಿಯಲು ಒಂದು ರಬ್ಬರ್ ಉಂಗುರ, ಸರದ ಸಣ್ಣ ಕೊಳವೆಯ ಮೇಲೆ ಬಾಣದ ಗುರುತು. ಯಾವ ಕಡೆಗೆ ಸರಿಸಬೇಕು ಎಂದು ಬಾಣವೇ ಹೇಳುತ್ತದೆ. ಬಿಳಿ ಮಣಿ ಕತ್ತಲಲ್ಲಿ ಮಿನುಗುತ್ತದೆ. ರಾಮನಗರದ ಎರಡು ದೂರುಗಳಿಗೂ ಈ ಸರದಲ್ಲಿ ಉತ್ತರವಿದೆ. 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಯಮ ತಪ್ಪದೆ ಪಾಲಿಸಿದ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 5 ಮಂದಿ, ಸಾಮಾನ್ಯವಾಗಿ ಬಳಸಿದವರಲ್ಲಿ ಸುಮಾರು 12 ಮಂದಿ ಬಸುರಾದರು. ಉತ್ತರ ಭಾರತಕ್ಕೆ ಅದು ‘ಮಾಲಾಚಕ್ರ’ ಎಂಬ ಹೆಸರಿನಲ್ಲಿ ಬಂತು. ಚಕ್ರ ಏರುಪೇರಾಗುವವರಿಗೆ ಇದೂ ಹೊಂದುವುದಿಲ್ಲ. ಆ ಮಿತಿ ಅವತ್ತಿನದೇ.

ಉತ್ತರ ಸಿಗದೆ ಉಳಿದಿದ್ದ ಮೂರನೆಯ ತೊಂದರೆಗೆ, ಅಂದರೆ ಅರ್ಥ ಮಾಡುವ ಕೈ ಯಾರದು ಎಂಬುದಕ್ಕೆ, ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ದಾರಿ ತೆರೆಯಿತು. ಅಲ್ಲಿ ಆರೋಗ್ಯದ ಮಾತೇ ಇರಲಿಲ್ಲ. 1989ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆ ಮೈರಾಡ ಸಂಸ್ಥೆ ಜಲಾನಯನದ ಕೆಲಸ ಮಾಡುತ್ತಿತ್ತು. ಅಲ್ಲಿಯ ಕಾರ್ಯಕರ್ತರು ಹಳ್ಳಿಯವರಿಗೆ ಪ್ರಶ್ನೆಪತ್ರ ಓದಿಹೇಳುವುದನ್ನು ಬಿಟ್ಟು, ನೆಲದ ಮೇಲೆ ನೀವೇ ನಕ್ಷೆ ಬಿಡಿಸಿ ಎಂದರು. ರಂಗೋಲಿ ಪುಡಿ, ಕಲ್ಲು, ಕಡ್ಡಿ, ಕಾಳು ಇವೇ ಸಾಮಾನು. ಆಗ ಹೈದರಾಬಾದಿನಲ್ಲಿದ್ದ ಇಂಗ್ಲೆಂಡಿನ ಸಂಶೋಧಕ ರಾಬರ್ಟ್ ಚೇಂಬರ್ಸ್ ಇಂಥ ಕೆಲಸಗಳನ್ನು ಹತ್ತಿರದಿಂದ ನೋಡಿ ಜಗತ್ತಿಗೆ ಹೇಳಿದರು. ಅವರು ಮತ್ತೆ ಮತ್ತೆ ಒತ್ತಿ ಹೇಳಿದ್ದು ಇಷ್ಟು: ಕಾಗದ ಪೆನ್ನು ಇದ್ದಲ್ಲಿ ಓದಿದವನ ಮಾತೇ ನಡೆಯುತ್ತದೆ, ಕಾಳು ನೆಲಕ್ಕೆ ಬಿದ್ದರೆ ಯಾರು ಬೇಕಾದರೂ ಎತ್ತಿ ಬೇರೆಡೆ ಇಡಬಹುದು. ಒಬ್ಬಳು ಇಟ್ಟ ಕಾಳನ್ನು ಇನ್ನೊಬ್ಬಳು ‘ಹಂಗಲ್ಲವ್ವ’ ಎಂದು ಸರಿಸುತ್ತಾಳೆ, ವಾದ ಆಗುತ್ತದೆ, ಆ ವಾದದಲ್ಲೇ ವಿಷಯ ತಿಳಿಯಾಗುತ್ತದೆ. ಇದೇ ಹಾದಿಯಲ್ಲಿ ಸಂಶೋಧಕಿ ಆಂಡ್ರಿಯಾ ಕಾರ್ನ್‌ವಾಲ್ ಜಿಂಬಾಬ್ವೆಯ ಹೆಂಗಸರು ತಮ್ಮ ಮೈಯೊಳಗಿನ ನಕ್ಷೆ ತಾವೇ ಬಿಡಿಸುವಂತೆ ಮಾಡಿ 1992ರಲ್ಲಿ ಅದರ ಬಗ್ಗೆ ಬರೆದರು. ಗರ್ಭಕೋಶ ಎಲ್ಲಿದೆ, ನುಂಗಿದ ಗುಳಿಗೆ ಎಲ್ಲಿಗೆ ಹೋಗುತ್ತದೆ ಎಂದು ಅವರು ತಿಳಿದಿದ್ದದ್ದು ಆಗ ಹೊರಬಂತು.

ಆಮೇಲೆ, ಮೈಯ ಲೆಕ್ಕವನ್ನು ಕೈಗೆ ಸಿಗುವ ವಸ್ತುವಾಗಿಸುವುದು ವಿಶ್ವವಿದ್ಯಾಲಯಗಳ ವಿಷಯವೂ ಆಯಿತು. ಆಸ್ಟ್ರೇಲಿಯಾದ ಆರ್‌ಎಂಐಟಿಯಲ್ಲಿ ರೋಹಿತ್ ಅಶೋಕ್ ಖೋತ್ ಮತ್ತು ಸಂಗಡಿಗರು 2014ರಲ್ಲಿ ಜನರ ಎದೆಬಡಿತದ ಲೆಕ್ಕವನ್ನು ಅವರ ಮನೆಯಲ್ಲೇ ಇಟ್ಟ ತ್ರಿಡಿ ಪ್ರಿಂಟರಿನಿಂದ ಪ್ಲಾಸ್ಟಿಕ್ ಹೂವು, ಕಪ್ಪೆ, ಉಂಗುರ ಮಾಡಿಕೊಟ್ಟು ನೋಡಿದರು. 2018ರಲ್ಲಿ ಆಲಿಸ್ ತೂಟ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಹೋಗಿ, ಯಂತ್ರವನ್ನೇ ಬಿಟ್ಟು, ಜನ ತಮ್ಮ ದಿನಗಳ ಲೆಕ್ಕವನ್ನು ತಮ್ಮ ಕೈಯಿಂದಲೇ ವಸ್ತುಗಳಲ್ಲಿ ಕಟ್ಟುವುದನ್ನು ಗಮನಿಸಿದರು. ಕಟ್ಟಿ ಮುಗಿದದ್ದನ್ನು ನೋಡುವಾಗ ಮಾತ್ರವಲ್ಲ, ಯಾವುದಕ್ಕೆ ಯಾವ ವಸ್ತು, ಎಷ್ಟು ದೊಡ್ಡದು, ಎಲ್ಲಿ ಇಡಲಿ ಎಂದು ಕಟ್ಟುವಾಗಲೂ ಜನ ತಮ್ಮ ಬಗ್ಗೆ ಯೋಚಿಸುತ್ತಾರೆ ಎಂಬುದು ಅಲ್ಲಿ ಕಂಡುಬಂತು. ರಾಮನಗರದಲ್ಲಿ ಕೈತಪ್ಪಿದ್ದು ಈ ಕಟ್ಟುವ ಹೊತ್ತು.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲಿ ನಮ್ಮ ಮನೆಯ ಅಟ್ಟದಿಂದ ಚೆನ್ನೆಮಣೆ ಇಳಿಯಿತು. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿವೆ. ಶುಗರ್ ನೋಡುವ ಸ್ಟ್ರಿಪ್ ದುಬಾರಿಯಾದ್ದರಿಂದ, ವೈದ್ಯರು ಹೇಳಿದಂತೆ ತಿಂಗಳಲ್ಲಿ ಒಂದು ವಾರ ಮಾತ್ರ ಬೆಳಿಗ್ಗೆ ಖಾಲಿ ಹೊಟ್ಟೆಯದ್ದು, ರಾತ್ರಿ ಊಟವಾಗಿ ಎರಡು ಗಂಟೆಯ ಮೇಲಿನದ್ದು ನೋಡುತ್ತಾರೆ. ಅಂಕಿಗಳು ಕ್ಯಾಲೆಂಡರಿನ ಚೌಕದಲ್ಲಿ, ಏಕಾದಶಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನದ ಜೊತೆ ಸಣ್ಣ ಅಕ್ಷರದಲ್ಲಿ ಬೀಳುತ್ತಿದ್ದವು. ಡಾಕ್ಟರ ಹತ್ತಿರ ಹೋಗುವಾಗ ನಾನು ಅದನ್ನು ಚೀಟಿಗೆ ಇಳಿಸಿಕೊಡುತ್ತಿದ್ದೆ. ಅತ್ತೆಗೆ ಅದು ಡಾಕ್ಟರಿಗೆ ಒಪ್ಪಿಸಬೇಕಾದ ಲೆಕ್ಕ, ತಮ್ಮದಲ್ಲ.

ಚೆನ್ನೆಮಣೆಗೆ ಎರಡು ಸಾಲು, ಸಾಲಿಗೆ ಏಳು ಗುಳಿ. ವಾರಕ್ಕೆ ಏಳು ದಿನ. ಇದನ್ನು ನೋಡಿದ್ದು ಅವರೇ. ಮೇಲಿನ ಸಾಲು ಬೆಳಗಿನದಕ್ಕೆ, ಕೆಳಗಿನದು ರಾತ್ರಿಯದಕ್ಕೆ ಎಂದರು. 100ರ ಮೇಲೆ ಎಷ್ಟು ಇಪ್ಪತ್ತು ಇದೆಯೋ ಅಷ್ಟು ಹುಣಸೆಬೀಜ ಹಾಕುವುದು ಎಂದು ಇಬ್ಬರೂ ಸೇರಿ ಗೊತ್ತುಮಾಡಿದೆವು. 186 ಬಂದರೆ ನಾಲ್ಕು ಬೀಜ. 70ಕ್ಕಿಂತ ಕೆಳಗಿಳಿದರೆ ಬೀಜವಿಲ್ಲ, ಒಂದು ಕವಡೆ. ಕವಡೆ ಬಿದ್ದರೆ ತಡಮಾಡದೆ ಸಕ್ಕರೆ ನೀರು ಕುಡಿದು, ಡಾಕ್ಟರಿಗೆ ಫೋನು ಮಾಡಬೇಕು. ಈ ನಿಯಮವನ್ನೂ ಅವರೇ ಸೇರಿಸಿದರು. ಉಪವಾಸದ ದಿನ ಒಮ್ಮೆ ಕೈ ನಡುಗಿ ಬೆವರಿದ್ದು ಅವರಿಗೆ ನೆನಪಿತ್ತು.

ಆ ವಾರದ ಕೊನೆಗೆ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಳಿಗುಳಿಗೆ ಬೆರಳಾಡಿಸುತ್ತಿದ್ದವರು ಕೆಳಸಾಲಿನ ಎರಡನೆಯ ಗುಳಿಯಲ್ಲಿ ನಿಂತರು. ಬೀಜ ಗುಳಿಯ ಅಂಚು ಮೀರಿ ನಿಂತಿತ್ತು. ಭಾನುವಾರದಿಂದ ಎಣಿಸಿದರೆ ಅದು ಸೋಮವಾರ.

“ಇದೇನೇ, ಒಪ್ಪತ್ತು ಮಾಡಿದ ದಿನವೇ ಹೆಚ್ಚು ಬಂದಿದೆಯಲ್ಲ! ಅನ್ನ ಮುಟ್ಟಲಿಲ್ಲ ನಾನು.”

“ರಾತ್ರಿ ಫಲಾಹಾರಕ್ಕೆ ಏನು ತಗೊಂಡ್ರಿ ಅತ್ತೆ?”

“ಅವಲಕ್ಕಿ. ಬೆಲ್ಲ, ಕಾಯಿತುರಿ ಹಾಕಿದ್ದು. ಎರಡು ಬಾಳೆಹಣ್ಣು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಅನ್ನಕ್ಕಿಂತ ಅದೇ ಜಾಸ್ತಿ ಆಯ್ತು ಅನ್ನು” ಎಂದರು.

ಕ್ಯಾಲೆಂಡರಿನಲ್ಲೂ ಅದೇ ಅಂಕಿಗಳಿದ್ದವು. ಹಿಂದಿನ ತಿಂಗಳುಗಳ ಸೋಮವಾರಗಳನ್ನು ಹುಡುಕಿ ನೋಡಿದರೆ ಅಲ್ಲೂ ಹೆಚ್ಚೇ. ಅಂಕಿಯಾಗಿದ್ದಾಗ ಅದು 240 ಎಂಬ ಒಂದು ಕೆಟ್ಟ ಸುದ್ದಿ ಮಾತ್ರ. ಬೀಜವಾದಾಗ ಅಕ್ಕಪಕ್ಕದ ಗುಳಿಗಳ ಜೊತೆ ಹೋಲಿಕೆಗೆ ಬಂತು, ಭಾನುವಾರ ಯಾಕೆ ಕಡಿಮೆ, ಸೋಮವಾರ ಯಾಕೆ ಹೆಚ್ಚು ಎಂಬ ಪ್ರಶ್ನೆ ಎದ್ದಿತು. ಅದಕ್ಕಿಂತ ಮುಖ್ಯವಾಗಿ, ಬೀಜ ಹಾಕಿದ ಕೈ ಅವರದು. ಏಳನ್ನೂ ಒಂದೊಂದಾಗಿ ಎಣಿಸಿ ಹಾಕುವಾಗಲೇ ಅವರಿಗೆ ಅನುಮಾನ ಬಂದಿತ್ತಂತೆ.

ಒಪ್ಪತ್ತು ಬಿಡುವ ಮಾತು ಅವರು ಆಡಲಿಲ್ಲ, ನಾನೂ ಆಡಲಿಲ್ಲ. ಮುಂದಿನ ಸೋಮವಾರಗಳಲ್ಲಿ ಬೆಲ್ಲದ ಅವಲಕ್ಕಿ ಹೋಗಿ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಬಂತು. ಬಾಳೆಹಣ್ಣು ಅರ್ಧಕ್ಕೆ ನಿಂತಿತು. ಆ ಗುಳಿಯ ಬೀಜ ಕಡಿಮೆಯಾಯಿತು. ಗುಳಿಗೆಯ ಪ್ರಮಾಣದ ವಿಚಾರ ಡಾಕ್ಟರದೇ. ಅವರಿಗೆ ಬೇಕಾದದ್ದು ಮೂರು ತಿಂಗಳಿಗೊಮ್ಮೆಯ ಎಚ್‌ಬಿಎ1ಸಿ ರಕ್ತಪರೀಕ್ಷೆ ಮತ್ತು ನಿಖರ ಅಂಕಿ, ಆದ್ದರಿಂದ ಕ್ಯಾಲೆಂಡರಿನ ಚೌಕದಲ್ಲಿ ಬರೆಯುವುದೂ ನಿಂತಿಲ್ಲ. ಹುಣಸೆಬೀಜಕ್ಕೆ 181ಕ್ಕೂ 199ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನು ಔಷಧಿಯ ನಿರ್ಧಾರಕ್ಕೆ ಬಳಸಬಾರದು.

ಅತ್ತೆ ಈಗ ಇನ್ನೊಂದು ಸೇರಿಸಿದ್ದಾರೆ. ಸಂಜೆ ವಿನೋಬನಗರದ ಪಾರ್ಕಿನಲ್ಲಿ ನಡೆದು ಬಂದ ದಿನ ಕೆಳಗಿನ ಗುಳಿಯ ಅಂಚಿನಲ್ಲಿ ಒಂದು ಗೋಟಡಿಕೆ. ನಡೆದ ದಿನಕ್ಕೂ ನಡೆಯದ ದಿನಕ್ಕೂ ಬೀಜ ಬೇರೆ ಬೇರೆ ಬೀಳುತ್ತವೆಯೇ ಎಂದು ನೋಡಬೇಕಂತೆ. ಪಾರ್ಕಿನ ಗೆಳತಿಯರಿಗೆ ಸುದ್ದಿ ಮುಟ್ಟಿ, ಪಕ್ಕದ ಬೀದಿಯ ಇಬ್ಬರು ಮಣೆ ನೋಡಲು ಮನೆಗೇ ಬಂದಿದ್ದರು. ಅವರಿಗೆ ಇರುವುದು ಬಿ.ಪಿ. ಮೇಲಿನದು, ಕೆಳಗಿನದು ಎಂದು ಎರಡು ಅಂಕಿ, ಬೆಳಿಗ್ಗೆ ಸಂಜೆ ಸೇರಿದರೆ ದಿನಕ್ಕೆ ನಾಲ್ಕು. ಎರಡು ಸಾಲಿನ ಚೆನ್ನೆಮಣೆ ಸಾಲುವುದಿಲ್ಲ. ನಾನು ಒಂದು ಉಪಾಯ ಹೇಳಲು ಹೊರಟಾಗ ಅತ್ತೆ ತಡೆದರು. “ನೀನು ಹೇಳಬೇಡ. ಅವರ ಮನೇಲಿ ಏನಿದೆಯೋ ನೋಡಿಕೊಂಡು ಅವರೇ ಯೋಚನೆ ಮಾಡ್ಲಿ.” ಅವರಲ್ಲೊಬ್ಬರು ಮರುದಿನ ಮೊಮ್ಮಗನ ಬಳೆ ಸ್ಟ್ಯಾಂಡಿನಂಥ ಆಟಿಕೆ, ಬಣ್ಣದ ಉಂಗುರ ಪೇರಿಸುವುದು, ತಂದು ತೋರಿಸಿದರು. ಇನ್ನೊಬ್ಬರು ಇನ್ನೂ ಹುಡುಕುತ್ತಿದ್ದಾರೆ.